ಚೆಲ್ಲೋ ಕಛೇರಿಯಲ್ಲಿ ಚಪ್ಪಾಳೆ ಯಾವಾಗ, ಯಾಕೆ?

1968ರ ಆಗಸ್ಟ್ 21. ಹಿಂದಿನ ರಾತ್ರಿಯಷ್ಟೇ ಸೋವಿಯತ್ ಟ್ಯಾಂಕುಗಳು ಗಡಿ ದಾಟಿ ಜೆಕೊಸ್ಲೊವಾಕಿಯಾದೊಳಗೆ ನುಗ್ಗಿದ್ದವು. ಅದೇ ಸಂಜೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಪ್ರಾಮ್ಸ್ ಉತ್ಸವದ ಒಂದು ಕಛೇರಿ. ವೇದಿಕೆಯ ಮೇಲಿದ್ದದ್ದು ಸೋವಿಯತ್ ಒಕ್ಕೂಟದ ಸ್ಟೇಟ್ ಸಿಂಫನಿ ಆರ್ಕೆಸ್ಟ್ರಾ. ನಡೆಸುವವರು ಯೆವ್ಗೆನಿ ಸ್ವೆತ್ಲಾನೊವ್. ಚೆಲ್ಲೋ ಹಿಡಿದು ಬಂದವರು 41 ವರ್ಷದ ಮ್ಸ್ತಿಸ್ಲಾವ್ ರೊಸ್ಟ್ರೊಪೊವಿಚ್. ನುಡಿಸಬೇಕಿದ್ದದ್ದು ಆಂಟೊನಿನ್ ಡ್ವೋರ್ಜಾಕ್ ಬರೆದ ಚೆಲ್ಲೋ ಕಾನ್ಸರ್ಟೋ. ಡ್ವೋರ್ಜಾಕ್ ಅಪ್ಪಟ ಜೆಕ್. ಕಾರ್ಯಕ್ರಮ ಮೊದಲೇ ನಿಗದಿಯಾಗಿತ್ತು, ಯಾರೂ ಬೇಕೆಂದು ಜೋಡಿಸಿದ್ದಲ್ಲ. ಆದರೂ ಇದಕ್ಕಿಂತ ಇಕ್ಕಟ್ಟಿನ ಸಂಜೆ ಇನ್ನೊಂದು ಸಿಕ್ಕೀತಾ?

ಹಾಲ್‌ನ ಹೊರಗೆ ಪ್ರತಿಭಟನೆ ನಡೆದಿತ್ತು. ಒಳಗೂ ಕೂಗಾಟ. ಆ ರಾತ್ರಿಯ ಧ್ವನಿಮುದ್ರಣ ಈಗಲೂ ಸಿಗುತ್ತದೆ, ಶುರುವಿನಲ್ಲೇ ಜನರ ಕೂಗು ಕಿವಿಗೆ ಬೀಳುತ್ತದೆ. ನುಡಿಸುತ್ತಾ ರೊಸ್ಟ್ರೊಪೊವಿಚ್ ಕಣ್ಣೀರು ಹಾಕಿದರು. ಕೊನೆಗೆ ಅದೇ ಸಭೆ ಅವರಿಗೆ ಭಾರೀ ಚಪ್ಪಾಳೆ ಹೊಡೆಯಿತು. ಆಗ ಅವರು ಡ್ವೋರ್ಜಾಕ್‌ನ ಸ್ವರಲಿಪಿಯ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಜನರಿಗೆ ತೋರಿಸಿದರು. ಚಪ್ಪಾಳೆ ನನಗಲ್ಲ, ಇವನಿಗೆ ಅನ್ನುವ ಹಾಗೆ. ಅವರಿಗೆ ಜೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್ ಬೇರೆ ಊರಾಗಿರಲಿಲ್ಲ. ಗಾಯಕಿ ಗಲೀನಾ ವಿಷ್ನೆವ್ಸ್ಕಯಾ ಅವರ ಜೊತೆ ಪ್ರೀತಿ ಬೆಳೆದದ್ದು 1955ರಲ್ಲಿ ಅಲ್ಲೇ.

ಕೂಗಿದ ಜನ ಮುಕ್ಕಾಲು ಗಂಟೆಯೊಳಗೆ ಚಪ್ಪಾಳೆ ಹೊಡೆದರಲ್ಲ, ಅದನ್ನು ಬರೀ ‘ಸಂಗೀತದ ಶಕ್ತಿ’ ಅಂತ ಹೇಳಿ ಮುಗಿಸಬಹುದು. ನನಗೆ ಆ ಉತ್ತರ ಸಾಲದು. ಕೇಳುಗರು ಯಾವಾಗ ಉಸಿರು ಹಿಡಿಯುತ್ತಾರೆ, ಯಾವಾಗ ಕೈ ಎತ್ತುತ್ತಾರೆ ಅನ್ನುವುದರಲ್ಲಿ ಅರ್ಧ ಭಾಗವನ್ನು ಬರೆದವನೇ ಕಾಗದದ ಮೇಲೆ ಬರೆದಿಟ್ಟಿರುತ್ತಾನೆ. ಉಳಿದದ್ದರಲ್ಲಿ ವಾದ್ಯದ ಗುಣ ಸ್ವಲ್ಪ, ಊರಿನ ರೂಢಿ ಸ್ವಲ್ಪ, ಗುಂಪಿನ ಸ್ವಭಾವ ಸ್ವಲ್ಪ.

ಮುಳುಗಿಹೋಗುವ ವಾದ್ಯ

ಕಾನ್ಸರ್ಟೋ ಅಂದರೆ ಒಬ್ಬ ವಾದಕನಿಗೂ ಇಡೀ ಆರ್ಕೆಸ್ಟ್ರಾಗೂ ಬರೆದ ದೊಡ್ಡ ಕೃತಿ. ಸಾಮಾನ್ಯವಾಗಿ ಮೂರು ಭಾಗ: ಚುರುಕು, ನಿಧಾನ, ಮತ್ತೆ ಚುರುಕು. ಚೆಲ್ಲೋ ಅಂದರೆ ಪಿಟೀಲಿನ ಕುಟುಂಬದ ಗಡಸು ದನಿಯವ. ಕುರ್ಚಿಯಲ್ಲಿ ಕೂತು, ಮಂಡಿಗಳ ನಡುವೆ ಇಟ್ಟುಕೊಂಡು, ಅಡ್ಡಡ್ಡ ಕಮಾನು ಎಳೆದು ನುಡಿಸಬೇಕು. ನಾಲ್ಕು ತಂತಿ. ತೀರಾ ದಪ್ಪ ತಂತಿ ಸುಮಾರು 65 ಹರ್ಟ್ಸ್‌ನಲ್ಲಿ ಗುನುಗುತ್ತದೆ, ತೆಳುವಾದದ್ದು 220ರಲ್ಲಿ. ಅಲ್ಲಿಂದ ಮೇಲಕ್ಕೆ ಬೆರಳು ಜಾರಿಸುತ್ತಾ ಹೋದರೆ ಹೆಂಗಸಿನ ತಾರಸ್ಥಾಯಿಯವರೆಗೂ ಹೋಗಬಹುದು. ಗಂಡಸಿನ ಮಂದ್ರದಿಂದ ಹೆಣ್ಣಿನ ತಾರದವರೆಗೆ, ಮನುಷ್ಯ ಹಾಡುವ ಜಾಗವೆಲ್ಲ ಇದರೊಳಗೇ ಇದೆ. ಚೆಲ್ಲೋ ‘ಹಾಡುತ್ತದೆ’ ಅಂತ ಎಲ್ಲರೂ ಹೇಳುವುದು ಇದಕ್ಕೇ.

ಆದರೆ ಅದೇ ಅದರ ತಾಪತ್ರಯವೂ ಹೌದು. ಆರ್ಕೆಸ್ಟ್ರಾದ ದಟ್ಟವಾದ ಸದ್ದೆಲ್ಲ ಇರುವುದೂ ಆ ಮಧ್ಯದ ಜಾಗದಲ್ಲೇ. ಫ್ರೆಂಚ್ ಹಾರ್ನ್, ಬಸೂನ್, ವಿಯೋಲಾ, ಜೊತೆಗೆ ಆರ್ಕೆಸ್ಟ್ರಾದ್ದೇ ಎಂಟು ಹತ್ತು ಚೆಲ್ಲೋಗಳು. ಒಂದೇ ಎತ್ತರದ ಎರಡು ಸದ್ದು ಒಟ್ಟಿಗೆ ಬಂದರೆ ಜೋರಾದದ್ದು ಇನ್ನೊಂದನ್ನು ನುಂಗಿಬಿಡುತ್ತದೆ. ಪಿಟೀಲಾದರೆ ಎಲ್ಲರ ತಲೆಯ ಮೇಲೆ ತೇಲಿಕೊಂಡು ಹೋಗುತ್ತದೆ. ಪಿಯಾನೋಗೆ ಗಟ್ಟಿ ಮೈಕಟ್ಟಿದೆ. ಚೆಲ್ಲೋಗೆ ಎರಡೂ ಇಲ್ಲ. ಬೀಥೋವನ್ ಚೆಲ್ಲೋ ಒಂದಕ್ಕೇ ಅಂತ ಕಾನ್ಸರ್ಟೋ ಬರೆಯಲಿಲ್ಲ. ಬ್ರಾಹ್ಮ್ಸ್ ಕೂಡ ಬರೆಯಲಿಲ್ಲ. ಇಬ್ಬರೂ ಅದಕ್ಕೆ ಬೇರೆ ವಾದ್ಯಗಳನ್ನು ಜೊತೆ ಕೊಟ್ಟೇ ಬರೆದರು.

ಡ್ವೋರ್ಜಾಕ್‌ಗೂ ಈ ವಾದ್ಯದ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಮೇಲೆ ಹೋದರೆ ಮೂಗಿನಲ್ಲಿ ಹಾಡುತ್ತದೆ, ಕೆಳಗಿಳಿದರೆ ಗೊಣಗುತ್ತದೆ ಅನ್ನುವುದು ಅವನ ದೂರು. ನ್ಯೂಯಾರ್ಕಿನ ಸಂಗೀತ ಶಾಲೆಯಲ್ಲಿ ನಿರ್ದೇಶಕನಾಗಿದ್ದಾಗ, 1894ರಲ್ಲಿ, ಸಹೋದ್ಯೋಗಿ ವಿಕ್ಟರ್ ಹರ್ಬರ್ಟ್ ತನ್ನ ಎರಡನೇ ಚೆಲ್ಲೋ ಕಾನ್ಸರ್ಟೋ ನುಡಿಸಿದ್ದನ್ನು ಕೇಳಿದ. ಆಮೇಲೆ ಮನಸ್ಸು ಬದಲಾಯಿತು. ಅದೇ ವರ್ಷ ನವೆಂಬರಿನಲ್ಲಿ ಬರೆಯಲು ಕೂತ, 1895ರ ಫೆಬ್ರವರಿಗೆ ಮುಗಿಸಿದ. ಮುಂದೆ ಇದನ್ನು ನೋಡಿದ ಬ್ರಾಹ್ಮ್ಸ್, ಚೆಲ್ಲೋಗೆ ಹೀಗೂ ಬರೆಯಬಹುದು ಅಂತ ಗೊತ್ತಿದ್ದಿದ್ದರೆ ನಾನೇ ಎಂದೋ ಬರೆಯುತ್ತಿದ್ದೆ ಎಂದು ಪೇಚಾಡಿಕೊಂಡನಂತೆ.

ಡ್ವೋರ್ಜಾಕ್ ಮಾಡಿದ ಉಪಾಯ ಕೇಳುಗರಿಗೆ ನೇರವಾಗಿ ತಟ್ಟುತ್ತದೆ. ಶುರುವಿನಲ್ಲಿ ಮೂರು ನಿಮಿಷಕ್ಕೂ ಜಾಸ್ತಿ ಹೊತ್ತು ಬರೀ ಆರ್ಕೆಸ್ಟ್ರಾ. ಸೊಲೊ ವಾದಕ ಅಷ್ಟೂ ಹೊತ್ತು ಚೆಲ್ಲೋ ಅಪ್ಪಿಕೊಂಡು ಸುಮ್ನೆ ಕೂತಿರುತ್ತಾನೆ. ಎಲ್ಲರ ಕಣ್ಣೂ ಅವನ ಮೇಲೆ. ಟ್ರಂಪೆಟ್, ಟ್ರೋಂಬೋನ್ ಎಲ್ಲ ಅಬ್ಬರಿಸಿ ಮುಗಿದು, ಹಾರ್ನ್ ಒಂದು ಮಧುರವಾದ ರಾಗ ನುಡಿಸಿ, ಸದ್ದು ಇಳಿಯುತ್ತಾ ಇಳಿಯುತ್ತಾ ಬಂದ ಮೇಲೆ ಚೆಲ್ಲೋ ಒಳಗೆ ಬರುತ್ತದೆ. ಅಷ್ಟು ಹೊತ್ತಿಗೆ ಕಿವಿ ಕಾದು ಕಾದು ಹಸಿದಿರುತ್ತದೆ. ಅಲ್ಲಿಂದ ಮುಂದೆ ಚೆಲ್ಲೋ ಹಾಡುವಾಗೆಲ್ಲ ಆರ್ಕೆಸ್ಟ್ರಾ ತೆಳ್ಳಗಾಗುತ್ತದೆ. ಒಂದು ಕೊಳಲು, ಎರಡು ಕ್ಲಾರಿನೆಟ್, ಅಷ್ಟೇ. ಚೆಲ್ಲೋ ನಿಲ್ಲಿಸಿದ ಕೂಡಲೇ ಎಲ್ಲರೂ ಮತ್ತೆ ಮೇಲೆ ಬೀಳುತ್ತಾರೆ.

ಹಾಗಾಗಿ ಚೆಲ್ಲೋ ಕಾನ್ಸರ್ಟೋದಲ್ಲಿ ಸಭೆಯ ಮೊದಲ ಪ್ರತಿಕ್ರಿಯೆ ಚಪ್ಪಾಳೆಯಲ್ಲ, ಸದ್ದಡಗಿಸುವುದು. ದನಿ ಮುಳುಗೀತು ಅನ್ನುವ ಭಯ ಕೇಳುಗನಿಗೂ ಇರುತ್ತದೆ, ಅದಕ್ಕೇ ಅವನು ಮುಂದಕ್ಕೆ ಬಾಗುತ್ತಾನೆ. ತಡೆದಿಟ್ಟ ಕೆಮ್ಮೆಲ್ಲ ಭಾಗ ಮುಗಿದ ಕೂಡಲೇ ಒಟ್ಟಿಗೆ ಸಿಡಿಯುತ್ತದೆ. ಲಂಡನ್ನಿನ ಯಾವುದೇ ನೇರ ಪ್ರಸಾರದಲ್ಲಿ ಆ ಕೆಮ್ಮಿನ ಮಳೆ ಕೇಳಬಹುದು. ಒಂದು ಸಭೆ ಎಷ್ಟು ಗಮನ ಕೊಟ್ಟಿತ್ತು ಅಂತ ತಿಳಿಯಲು ಚಪ್ಪಾಳೆಗಿಂತ ಆ ಕೆಮ್ಮೇ ಒಳ್ಳೆಯ ಅಳತೆ ಅನ್ನಿಸುತ್ತದೆ ನನಗೆ.

ಕಣ್ಣಿಗೆ ಕಾಣುವ ಕಷ್ಟ

ಪಿಟೀಲುಗಾರ ನಿಂತು ಪಕ್ಕಕ್ಕೆ ತಿರುಗಿರುತ್ತಾನೆ. ಪಿಯಾನೋದವನ ಒಂದು ಮಗ್ಗುಲು ಮಾತ್ರ ಕಾಣುತ್ತದೆ. ಚೆಲ್ಲೋದವನು ಸಭೆಗೆ ಎದುರಾಗಿಯೇ ಕೂತಿರುತ್ತಾನೆ. ಮುಖ, ಎರಡೂ ಕೈ, ಉಸಿರಾಟ ಎಲ್ಲ ಬಯಲು. ಎಡಗೈ ಮೇಲಿಂದ ಕೆಳಕ್ಕೆ ಒಂದೇ ನೆಗೆತಕ್ಕೆ ಬಂದು ಸರಿಯಾದ ಬಿಂದುವಿನಲ್ಲಿ ನಿಲ್ಲಬೇಕು. ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ, ಗುರುತಿಲ್ಲ. ತೀರಾ ಮೇಲಿನ ಸ್ವರಗಳಿಗೆ ಹೆಬ್ಬೆರಳನ್ನೇ ತಂತಿಗೆ ಅಡ್ಡ ಒತ್ತಿ ಹಿಡಿಯುತ್ತಾರೆ. ಕೂದಲೆಳೆಯಷ್ಟು ತಪ್ಪಿದರೂ ಬಾಲ್ಕನಿಯವರೆಗೆ ಗೊತ್ತಾಗುತ್ತದೆ. ಇದನ್ನು ನೋಡುತ್ತಾ ಕೇಳುವವರಿಗೆ ಸಂಗೀತದ ಓದು ಇಲ್ಲದಿದ್ದರೂ ಅಪಾಯ ಅರ್ಥವಾಗುತ್ತದೆ.

ಕಸರತ್ತಿಗೇ ಮೀಸಲಾದ ಜಾಗವೂ ಇರುತ್ತದೆ: ಕೆಡೆನ್ಜಾ. ಆರ್ಕೆಸ್ಟ್ರಾ ಪೂರ್ತಿ ನಿಂತು ಸೊಲೊ ವಾದಕ ಒಬ್ಬನೇ ನುಡಿಸುವ ಭಾಗ. ರಷ್ಯನ್ ಸಂಯೋಜಕ ಶೋಸ್ತಕೋವಿಚ್ 1959ರಲ್ಲಿ ರೊಸ್ಟ್ರೊಪೊವಿಚ್‌ಗೆಂದೇ ಬರೆದ ಮೊದಲ ಚೆಲ್ಲೋ ಕಾನ್ಸರ್ಟೋದಲ್ಲಿ ಮೂರನೇ ಭಾಗ ಪೂರ್ತಿ ಕೆಡೆನ್ಜಾ. ರೊಸ್ಟ್ರೊಪೊವಿಚ್ ಇಡೀ ಕೃತಿಯನ್ನು ನಾಲ್ಕೇ ದಿನದಲ್ಲಿ ಬಾಯಿಪಾಠ ಮಾಡಿಕೊಂಡು ಶೋಸ್ತಕೋವಿಚ್ ಮುಂದೆ ನುಡಿಸಿಬಿಟ್ಟರು. ಡ್ವೋರ್ಜಾಕ್ ಮಾತ್ರ ಕೆಡೆನ್ಜಾ ಬೇಡವೇ ಬೇಡ ಅಂದ. ಕೃತಿ ಯಾರಿಗಾಗಿ ಬರೆದಿದ್ದನೋ ಆ ಚೆಲ್ಲೋವಾದಕ ಹನುಷ್ ವಿಹಾನ್ ತಾನೇ ಒಂದು ಕೆಡೆನ್ಜಾ ಬರೆದು ಕೊನೆಯ ಭಾಗದಲ್ಲಿ ಸೇರಿಸಲು ನೋಡಿದ. ಡ್ವೋರ್ಜಾಕ್ ಪ್ರಕಾಶಕನಿಗೆ ಖಡಕ್ಕಾಗಿ ಪತ್ರ ಬರೆದ: ನಾನು ಬರೆದದ್ದು ಹೇಗಿದೆಯೋ ಹಾಗೇ ಅಚ್ಚಾಗಬೇಕು. ಆ ಹಟಕ್ಕೆ ಕಾರಣ ಮುಂದೆ ಬರುತ್ತದೆ.

ನಡುವೆ ಚಪ್ಪಾಳೆ ಹೊಡೆದರೆ ತಪ್ಪಾ?

ಮೊದಲ ಸಲ ಇಂಥ ಕಛೇರಿಗೆ ಹೋದವರಿಗೆ ದೊಡ್ಡ ಭಯ ಇದೇ. ಮೊದಲ ಭಾಗ ಅಬ್ಬರದಲ್ಲಿ ಮುಗಿಯುತ್ತದೆ, ಕೈ ತನ್ನಷ್ಟಕ್ಕೆ ಮೇಲೇಳುತ್ತದೆ, ಸುತ್ತ ನೋಡಿದರೆ ಎಲ್ಲರೂ ಕಲ್ಲಿನ ಹಾಗೆ ಕೂತಿದ್ದಾರೆ. ನಮ್ಮಲ್ಲಿ ರಾಮನವಮಿ ಪೆಂಡಾಲಿನಲ್ಲಿ ಕೂತು ಬೆಳೆದವರಿಗೆ ಇದು ಇನ್ನೂ ವಿಚಿತ್ರ. ತೊಡೆಯ ಮೇಲೆ ತಾಳ ಹಾಕುತ್ತೇವೆ, ಒಳ್ಳೆಯ ಸಂಗತಿ ಬಂದರೆ ಅಲ್ಲೇ ‘ಭಲೇ’ ಅನ್ನುತ್ತೇವೆ, ತನಿ ಆವರ್ತನ ಮುಗಿದರೆ ಕೃತಿ ಇನ್ನೂ ಬಾಕಿ ಇದ್ದರೂ ಚಪ್ಪಾಳೆ ಬೀಳುತ್ತದೆ.

ಯುರೋಪಿನಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. 1778ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಹೊಸ ಸಿಂಫನಿ ನುಡಿಸಿದ ಮೇಲೆ ಮೊಜಾರ್ಟ್ ಅಪ್ಪನಿಗೆ ಪತ್ರ ಬರೆಯುತ್ತಾನೆ. ಮೊದಲ ಭಾಗದ ನಡುವೆ ಒಂದು ಜಾಗ ಜನರಿಗೆ ಹಿಡಿಸಿಯೇ ಹಿಡಿಸುತ್ತದೆ ಅಂತ ಅವನಿಗೆ ಗೊತ್ತಿತ್ತಂತೆ. ಅಲ್ಲಿ ಸಂಗೀತ ನಡೆಯುತ್ತಿರುವಾಗಲೇ ಚಪ್ಪಾಳೆ ಬಿತ್ತು. ಅದಕ್ಕೇ ಅದನ್ನು ಕೊನೆಯಲ್ಲಿ ಮತ್ತೊಮ್ಮೆ ಇಟ್ಟಿದ್ದ, ಮತ್ತೆ ಚಪ್ಪಾಳೆ. ಖುಷಿಯಲ್ಲಿ ಹೋಗಿ ಒಳ್ಳೆಯ ಐಸ್‌ಕ್ರೀಮ್ ತಿಂದ. ಚಪ್ಪಾಳೆ ಎಲ್ಲಿ ಬೀಳಬೇಕು ಅಂತ ಲೆಕ್ಕ ಹಾಕಿ ಬರೆಯುವ ಕೆಲಸ ಅವನಿಗೆ ನಾಚಿಕೆಯದ್ದಾಗಿರಲಿಲ್ಲ.

ಮೌನದ ಶಿಸ್ತು ಆಮೇಲೆ ಬಂದದ್ದು. ಕೃತಿಯನ್ನು ತುಂಡು ಮಾಡದೆ ಒಂದೇ ಉಸಿರಿಗೆ ಕೇಳಬೇಕು ಅನ್ನುವ ಆಸೆ ಜರ್ಮನ್ ಸಂಗೀತಗಾರರಲ್ಲಿ ಬೆಳೆಯಿತು. ಶೂಮನ್ 1850ರಲ್ಲಿ ಬರೆದ ಚೆಲ್ಲೋ ಕಾನ್ಸರ್ಟೋದಲ್ಲಿ ಮೂರು ಭಾಗಗಳನ್ನು ಬಿಡುವೇ ಇಲ್ಲದೆ ಹೊಲಿದುಬಿಟ್ಟಿದ್ದಾನೆ. ಚಪ್ಪಾಳೆಗೆ ಸಂದೇ ಇಲ್ಲ. ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರ್‌ನ ಕೊನೆಯ ಆಪೆರಾದ ಹೊತ್ತಿಗೆ, 1882ರಲ್ಲಿ, ಎಲ್ಲಿ ಚಪ್ಪಾಳೆ ಹೊಡೆಯಬೇಕು ಅನ್ನುವುದೇ ದೊಡ್ಡ ಗೊಂದಲವಾಗಿತ್ತು. 20ನೇ ಶತಮಾನದಲ್ಲಿ ಸ್ಟೊಕೊವ್ಸ್ಕಿಯಂಥ ನಿರ್ದೇಶಕರು ನಡುವಿನ ಚಪ್ಪಾಳೆ ಬೇಡ ಅಂತ ಬಾಯಿಬಿಟ್ಟೇ ಹೇಳಿದರು. ಅಂದರೆ ಇವತ್ತು ‘ಸಂಪ್ರದಾಯ’ ಅಂತ ಕಣ್ಣು ಕೆಕ್ಕರಿಸಿ ಹೇಳುವ ನಿಯಮಕ್ಕೆ ಗಟ್ಟಿ ವಯಸ್ಸು ಬರೀ ನೂರು ಚಿಲ್ಲರೆ ವರ್ಷ. ಪ್ರಾಮ್ಸ್‌ನಲ್ಲಿ ಈಗ ಭಾಗಗಳ ನಡುವೆ ಚಪ್ಪಾಳೆ ಆಗಾಗ ಬೀಳುತ್ತದೆ, ಯಾರೂ ಸಾಯುವುದಿಲ್ಲ.

ನನ್ನ ಲೆಕ್ಕದಲ್ಲಿ ಡ್ವೋರ್ಜಾಕ್‌ನ ಮೊದಲ ಭಾಗ ಮುಗಿದಾಗ ಚಪ್ಪಾಳೆ ಬಿದ್ದರೆ ತಪ್ಪೇನಿಲ್ಲ. ಅವನು ತುತ್ತೂರಿ ಊದಿಸಿ ಕೇಳಿಕೊಂಡಿದ್ದಾನೆ. ಎರಡನೇ ಭಾಗ ಮುಗಿದಾಗ ಯಾರಿಗೂ ಹೊಡೆಯಬೇಕು ಅನ್ನಿಸುವುದೇ ಇಲ್ಲ, ಅದನ್ನೂ ಅವನೇ ಬರೆದಿದ್ದಾನೆ.

ಬದಲಾದ ಕೊನೆ

ಈಗ ಆ ಹಟದ ವಿಷಯ. ಡ್ವೋರ್ಜಾಕ್ ಹುಡುಗನಾಗಿದ್ದಾಗ ಪ್ರಾಗ್‌ನಲ್ಲಿ ಜೋಸೆಫಿನಾ ಎಂಬ ಹುಡುಗಿಗೆ ಸಂಗೀತ ಹೇಳಿಕೊಡುತ್ತಿದ್ದ. ಅವಳ ಮೇಲೆ ಮನಸ್ಸಾಗಿತ್ತು. ಅವಳಿಗೆ ಆಗಲಿಲ್ಲ. ಮುಂದೆ ಅವಳ ತಂಗಿ ಅನ್ನಾಳನ್ನು ಮದುವೆಯಾದ. ನ್ಯೂಯಾರ್ಕಿನಲ್ಲಿ ಕಾನ್ಸರ್ಟೋ ಬರೆಯುತ್ತಿದ್ದಾಗ ಜೋಸೆಫಿನಾಗೆ ಕಾಯಿಲೆ ಜೋರಾಗಿದೆ ಅನ್ನುವ ಸುದ್ದಿ ಬಂತು. ಅವಳಿಗೆ ಇಷ್ಟವಾಗಿದ್ದ ತನ್ನದೇ ಹಾಡೊಂದನ್ನು ಎರಡನೇ ಭಾಗದೊಳಗೆ ತಂದ. 1895ರ ಮೇ ತಿಂಗಳಲ್ಲಿ, ಅವನು ಊರಿಗೆ ಮರಳಿದ ಮೇಲೆ, ಅವಳು ತೀರಿಕೊಂಡಳು. ಮುಗಿಸಿಟ್ಟಿದ್ದ ಕೃತಿಯನ್ನು ಮತ್ತೆ ತೆಗೆದು ಕೊನೆಯನ್ನು ಬದಲಾಯಿಸಿದ. ಸುಮಾರು 60 ಪಟ್ಟಿಗಳಷ್ಟು (ಪಟ್ಟಿ ಅಂದರೆ ಸ್ವರಲಿಪಿಯಲ್ಲಿ ತಾಳದ ಒಂದು ಅಳತೆ, ‘ಬಾರ್’) ಹೊಸ ಸಂಗೀತ.

ಅಲ್ಲಿ ಏನಾಗುತ್ತದೆ ಅಂದರೆ, ಮೂರನೇ ಭಾಗದ ಕುಣಿತದ ನಡೆ ಗೆಲುವಿನ ಕಡೆಗೆ ಓಡುತ್ತಿರುವಾಗಲೇ ನಿಧಾನವಾಗುತ್ತದೆ. ಸದ್ದು ಇಳಿಯುತ್ತದೆ. ಮೊದಲ ಭಾಗದ ರಾಗದ ನೆರಳು ಹಾಯುತ್ತದೆ. ಆ ಹಾಡು ಮತ್ತೆ ಬರುತ್ತದೆ, ಈ ಸಲ ಒಂದು ಒಂಟಿ ಪಿಟೀಲಿನಲ್ಲಿ, ಚೆಲ್ಲೋದ ಜೊತೆ ಮಾತಾಡುವ ಹಾಗೆ. ಚೆಲ್ಲೋ ಕ್ಷೀಣವಾಗುತ್ತಾ ಹೋಗಿ, ಕೊನೆಗೊಮ್ಮೆ ಉಬ್ಬುತ್ತದೆ. ಆಮೇಲೆ ಕೆಲವೇ ಪಟ್ಟಿಗಳಲ್ಲಿ ಆರ್ಕೆಸ್ಟ್ರಾ ಬಿರುಗಾಳಿಯಂತೆ ಬಂದು ಮುಗಿಸುತ್ತದೆ. ಇಂಥ ಜಾಗದಲ್ಲಿ ಕೆಡೆನ್ಜಾ ಹಾಕಿ ಬೆರಳಿನ ಚಮತ್ಕಾರ ತೋರಿಸಲು ಹೊರಟರೆ ಬರೆದವನಿಗೆ ಸಿಟ್ಟು ಬರದೆ ಇರುತ್ತಾ?

ಕೇಳುಗರ ಮೇಲೆ ಇದರ ಪರಿಣಾಮ ವಿಶೇಷವಾದದ್ದು. ಕಣ್ಣು ತುಂಬಿಕೊಂಡವರಿಗೆ ಒರೆಸಿಕೊಳ್ಳಲು ಪುರುಸೊತ್ತು ಕೊಡದೆ ಕೊನೆಯ ಅಬ್ಬರ ಬಂದುಬಿಡುತ್ತದೆ. ಹಾಗಾಗಿ ಚಪ್ಪಾಳೆಯೂ ಒಡೆದ ಕಟ್ಟೆಯ ಹಾಗೆ ಬರುತ್ತದೆ. 1968ರ ಆ ಸಂಜೆ ಪ್ರಾಗ್‌ನ ಬೀದಿಯಲ್ಲಿ ಟ್ಯಾಂಕುಗಳಿದ್ದವು, ಇಲ್ಲಿ ಒಬ್ಬ ರಷ್ಯನ್ ಒಬ್ಬ ಜೆಕ್‌ನ ಶೋಕವನ್ನು ಅಳುತ್ತಾ ನುಡಿಸುತ್ತಿದ್ದ. ಕೂಗಿದವರ ಸಿಟ್ಟಿಗೂ ನುಡಿಸುವವನ ಸಂಕಟಕ್ಕೂ ಕಾರಣ ಒಂದೇ ಅನ್ನುವುದು ಭಾಷಣವಿಲ್ಲದೆ ಎಲ್ಲರಿಗೂ ತಿಳಿಯಿತು. ಎರಡು ವಾರದೊಳಗೆ ಅದೇ ಹಾಲ್‌ನಲ್ಲಿ ಜೆಕ್ ಜನರ ಪರವಾಗಿ ಇಂಗ್ಲಿಷ್ ಚೆಲ್ಲೋವಾದಕಿ ಜಾಕ್ಲಿನ್ ಡು ಪ್ರೆ ಇದೇ ಕೃತಿಯನ್ನು ನುಡಿಸಿದರು. ನಡುವೆ ತಂತಿ ಕಿತ್ತು ಒಳಗೆ ಹೋಗಿ ಹಾಕಿಕೊಂಡು ಬಂದರು. ಜನ ಕಾದರು.

ಅಂದ ಹಾಗೆ, ರಾಯಲ್ ಆಲ್ಬರ್ಟ್ ಹಾಲ್‌ಗೂ ಮೈಸೂರಿಗೂ ಒಂದು ನಂಟಿದೆ. 1950ರಲ್ಲಿ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದ್ದು ಅಲ್ಲಿ, ಅದರ ಖರ್ಚಿಗೆ ಬೆನ್ನಿಗೆ ನಿಂತವರು ಜಯಚಾಮರಾಜೇಂದ್ರ ಒಡೆಯರ್. ಐದು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಆ ಗುಮ್ಮಟದಲ್ಲಿ ಪ್ರತಿಧ್ವನಿಯ ಕಾಟ ಎಷ್ಟಿತ್ತೆಂದರೆ, 1969ರಲ್ಲಿ ಮೇಲಿಂದ ದೊಡ್ಡ ದೊಡ್ಡ ಅಣಬೆ ಆಕಾರದ ತಟ್ಟೆಗಳನ್ನು ನೇತುಹಾಕಬೇಕಾಯಿತು.

ಮೈಯೊಳಗೆ ಏನು ನಡೆಯುತ್ತದೆ?

ಮೈ ಜುಮ್ಮೆನ್ನುವುದು ಬರೀ ಮಾತಲ್ಲ. ಜಾನ್ ಸ್ಲೊಬೊಡಾ ಎಂಬ ಮನಶ್ಶಾಸ್ತ್ರಜ್ಞ 1991ರಲ್ಲಿ, ಯಾವ ಜಾಗದಲ್ಲಿ ಅಳು ಬರುತ್ತದೆ, ಎಲ್ಲಿ ರೋಮ ನಿಲ್ಲುತ್ತದೆ ಅಂತ ಕೇಳುಗರನ್ನೇ ಕೇಳಿ ಸ್ವರಲಿಪಿಯಲ್ಲಿ ಹುಡುಕಿದ. ಒಂದು ಸ್ವರ ತನ್ನ ಮನೆಗೆ ಹೋಗುವ ಮೊದಲು ಪಕ್ಕದ ಸ್ವರದ ಮೇಲೆ ಒಂದು ಕ್ಷಣ ಒರಗಿ ಆಮೇಲೆ ಇಳಿಯುತ್ತದಲ್ಲ, ಅಂಥ ಜಾಗಗಳಲ್ಲಿ ಕಣ್ಣೀರು ಜಾಸ್ತಿ. ಹಠಾತ್ತಾಗಿ ಶ್ರುತಿಗಳ ಜೋಡಣೆ ಬದಲಾದರೆ ರೋಮಾಂಚನ. 2011ರಲ್ಲಿ ಕೆನಡಾದ ಸಂಶೋಧಕರು ಮೆದುಳಿನ ಚಿತ್ರ ತೆಗೆದು ನೋಡಿದಾಗ, ಆ ಗಳಿಗೆ ಬಂದಾಗಷ್ಟೇ ಅಲ್ಲ, ಬರುತ್ತದೆ ಅಂತ ಕಾಯುವಾಗಲೇ ಡೋಪಮಿನ್ ಎಂಬ ಖುಷಿ ಕೊಡುವ ರಾಸಾಯನಿಕ ಬಿಡುಗಡೆಯಾಗುವುದು ಕಂಡಿತು. ಗೊತ್ತಿರುವ ಕೃತಿಯನ್ನು ನೂರನೇ ಸಲ ಕೇಳಿದರೂ ಹಳಸುವುದಿಲ್ಲವಲ್ಲ, ಅದಕ್ಕೆ ಇದೂ ಒಂದು ಕಾರಣ. ಒಟ್ಟಿಗೆ ಕೂತು ಕೇಳುವವರ ಎದೆಬಡಿತ, ಉಸಿರಾಟ ಸ್ವಲ್ಪ ಮಟ್ಟಿಗೆ ಹೊಂದಿಕೊಳ್ಳುತ್ತವೆ ಅಂತ ಬರ್ನ್‌ನ ಸಂಶೋಧಕರು ನಿಜವಾದ ಕಛೇರಿಗಳಲ್ಲೇ ಅಳೆದು ಹೇಳಿದ್ದಾರೆ.

ಹಾಗಂತ ಒಳ್ಳೆಯ ಕೃತಿ ತಾನಾಗಿಯೇ ಗೆಲ್ಲುತ್ತದೆ ಅಂತಿಲ್ಲ. ಇಂಗ್ಲಿಷ್ ಸಂಯೋಜಕ ಎಲ್ಗರ್‌ನ ಚೆಲ್ಲೋ ಕಾನ್ಸರ್ಟೋ 1919ರ ಅಕ್ಟೋಬರ್ 27ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಮೊದಲ ಸಲ ಬಂದಾಗ ನೆಲಕಚ್ಚಿತು. ಅದೇ ಕಾರ್ಯಕ್ರಮದ ಉಳಿದ ಕೃತಿಗಳನ್ನು ನಡೆಸುತ್ತಿದ್ದವರು ತಾಲೀಮಿನ ಸಮಯವನ್ನೆಲ್ಲ ತಿಂದುಹಾಕಿದ್ದರು. ಆರ್ಕೆಸ್ಟ್ರಾಗೆ ಕೃತಿಯೇ ಗೊತ್ತಿರಲಿಲ್ಲ, ಸಭೆಗೆ ತಟ್ಟುವುದಾದರೂ ಹೇಗೆ? ಆ ದಿನ ಆರ್ಕೆಸ್ಟ್ರಾದ ಚೆಲ್ಲೋ ಸಾಲಿನಲ್ಲಿ ಕೂತಿದ್ದ ಹುಡುಗ ಜಾನ್ ಬಾರ್ಬಿರೋಲಿ. 1965ರಲ್ಲಿ ಇಪ್ಪತ್ತರ ಡು ಪ್ರೆ ಅದೇ ಕೃತಿಯನ್ನು ಧ್ವನಿಮುದ್ರಿಸಿದಾಗ ಆರ್ಕೆಸ್ಟ್ರಾ ನಡೆಸಿದವರು ಅವರೇ. ಇವತ್ತು ಚೆಲ್ಲೋ ಅಂದರೆ ಬಹಳ ಜನರಿಗೆ ಮೊದಲು ನೆನಪಾಗುವುದು ಆ ರೆಕಾರ್ಡು.

ಚಪ್ಪಾಳೆಯ ಲೆಕ್ಕ

ಚಪ್ಪಾಳೆ ಹೇಗೆ ಹಬ್ಬುತ್ತದೆ ಅಂತಲೂ ಜನ ಅಳೆದಿದ್ದಾರೆ. ಸ್ವೀಡನ್ನಿನ ಉಪ್ಸಲಾದಲ್ಲಿ 2013ರಲ್ಲಿ ನಡೆದ ಅಧ್ಯಯನದ ಪ್ರಕಾರ ಅದು ನೆಗಡಿ ಹರಡುವ ರೀತಿಯಲ್ಲೇ ಹರಡುತ್ತದೆ. ಪಕ್ಕದವರು ಏನು ಮಾಡಿದರು ಅನ್ನುವುದಕ್ಕಿಂತ ಕೋಣೆಯಲ್ಲಿ ಒಟ್ಟು ಎಷ್ಟು ಸದ್ದಾಗುತ್ತಿದೆ ಅನ್ನುವುದೇ ಮುಖ್ಯ. ನಿಲ್ಲುವುದೂ ಹಾಗೇ. ಅಂದಮೇಲೆ ಚಪ್ಪಾಳೆಯ ಉದ್ದ ನೋಡಿ ಕಛೇರಿಯ ಗುಣ ಅಳೆಯುವುದು ಅಷ್ಟೇನೂ ಸರಿಯಲ್ಲ.

ಪೂರ್ವ ಯುರೋಪಿನಲ್ಲಿ ಇನ್ನೊಂದು ರೂಢಿ ಇದೆ. ಚಪ್ಪಾಳೆ ಗದ್ದಲವಾಗಿ ಶುರುವಾಗಿ, ಸ್ವಲ್ಪ ಹೊತ್ತಿಗೆ ಇಡೀ ಸಭೆ ಒಂದೇ ಲಯಕ್ಕೆ ಬಂದುಬಿಡುತ್ತದೆ. ರುಮೇನಿಯಾ, ಹಂಗೇರಿಯ ಹಾಲ್‌ಗಳಲ್ಲಿ ಇದನ್ನು ಮುದ್ರಿಸಿಕೊಂಡು 2000ದಲ್ಲಿ ಭೌತವಿಜ್ಞಾನಿಗಳು ಲೆಕ್ಕ ಹಾಕಿದರು. ಒಂದೇ ಲಯಕ್ಕೆ ಬರಬೇಕಾದರೆ ಪ್ರತಿಯೊಬ್ಬರೂ ತಮ್ಮ ಚಪ್ಪಾಳೆಯ ವೇಗವನ್ನು ಸರಿಸುಮಾರು ಅರ್ಧಕ್ಕೆ ಇಳಿಸುತ್ತಾರೆ. ವೇಗ ಇಳಿದರೆ ಒಟ್ಟು ಸದ್ದು ಕಡಿಮೆ. ಸದ್ದು ಸಾಲದು ಅನ್ನಿಸಿ ಮತ್ತೆ ವೇಗ ಹೆಚ್ಚಿಸುತ್ತಾರೆ, ಲಯ ಕೆಡುತ್ತದೆ. ಮತ್ತೆ ಇಳಿಸುತ್ತಾರೆ. ಗದ್ದಲ, ಲಯ, ಗದ್ದಲ, ಲಯ ಅಂತ ಅಲೆ ಅಲೆಯಾಗಿ ಕೇಳಿಸುವುದು ಇದಕ್ಕೇ.

ವೇದಿಕೆಯ ಮೇಲಿನವರೂ ಸುಮ್ಮನಿರುವುದಿಲ್ಲ. ಪಿಟೀಲಿನವರು ಕಮಾನಿನಿಂದ ಸ್ವರಲಿಪಿಯ ಸ್ಟ್ಯಾಂಡನ್ನು ಮೆಲ್ಲಗೆ ತಟ್ಟುತ್ತಾರೆ, ಕೆಲವರು ಕಾಲಿನಿಂದ ನೆಲ ಉಜ್ಜುತ್ತಾರೆ. ಬರೀ ಮರ್ಯಾದೆಗೆ ತಟ್ಟುವುದಕ್ಕೂ ಮನಸಾರೆ ತಟ್ಟುವುದಕ್ಕೂ ವ್ಯತ್ಯಾಸ ಕಾಣುತ್ತದೆ, ಗಮನಿಸಿ ನೋಡಿ. ಸೊಲೊ ವಾದಕ ಒಳಗೆ ಹೋಗಿ ಬಂದು ಮಾಡಿದ ಮೇಲೂ ಚಪ್ಪಾಳೆ ನಿಲ್ಲದಿದ್ದರೆ ಮತ್ತೆ ಕೂತು ಒಂದು ಚಿಕ್ಕದನ್ನು ನುಡಿಸುತ್ತಾನೆ. ಹೆಚ್ಚಾಗಿ ಅದು ಬಾಖ್‌ನ ಸೊಲೊ ಚೆಲ್ಲೋ ಕೃತಿಗಳಲ್ಲಿ ಒಂದು ತುಣುಕು, ಮೂರು ನಾಲ್ಕು ನಿಮಿಷದ್ದು. ಅಷ್ಟೂ ಆರ್ಕೆಸ್ಟ್ರಾದವರು ಕೈಕಟ್ಟಿ ಕೂತು ಕೇಳುತ್ತಾರೆ. ಅದೂ ಮುಗಿದ ಮೇಲೆ ಮೊದಲ ಪಿಟೀಲಿನವರು ಎದ್ದು ನಿಂತರೆ ಇನ್ನು ಇಲ್ಲ ಅಂತ ಅರ್ಥ. ಇಡೀ ಆರ್ಕೆಸ್ಟ್ರಾ ಹಿಂದೆ ಹೊರಡುತ್ತದೆ, ದೀಪ ಹತ್ತುತ್ತದೆ, ಕಾನ್ಸರ್ಟೋ ಸಾಮಾನ್ಯವಾಗಿ ಮಧ್ಯಂತರಕ್ಕೆ ಮುಂಚೆಯೇ ಇರುವುದರಿಂದ ಜನ ಕಾಫಿಯ ಸಾಲಿಗೆ ಓಡುತ್ತಾರೆ.